ಹೋರಿಯನ್ನು ಮಗುಚಿ ನೋಡಿ: ಡೋಕ್ರಾ ಎರಕದಲ್ಲಿ ನನ್ನ ಅನುಭವ

ಡೋಕ್ರಾ ಎಂದರೆ ಮೇಣದ ದಾರ ಸುತ್ತಿ ಮಾಡಿದ ಗೊಂಬೆಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ಎರೆಯುವ ಕಲೆ. ಡೋಕ್ರಾ ಆನೆಯನ್ನೋ ಹೋರಿಯನ್ನೋ ಕೊಳ್ಳುವಾಗ ನಾನು ಮುಖ ನೋಡುವುದು ಕೊನೆಗೆ. ಮೊದಲು ಮಗುಚಿ ಹೊಟ್ಟೆ ನೋಡುತ್ತೇನೆ, ಆಮೇಲೆ ಗೊರಸು, ಬಾಲದ ತುದಿ. ಲೋಹ ಎಲ್ಲಿಂದ ಇಳಿಯಿತು, ಎಲ್ಲಿ ತಡೆಯಿತು, ಒಳಗಿನ ಮಣ್ಣು ಎಲ್ಲಿ ಇಣುಕುತ್ತಿದೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ಈ ಕಣ್ಣು ಬರಬೇಕಾದರೆ ಒಂದೆರಡು ಹೋರಿಗಳನ್ನಾದರೂ ಸ್ವತಃ ಎರೆದು ಕೆಡಿಸಿರಬೇಕು. ಹಿತ್ತಿಲಿನಲ್ಲಿ ನಾನು ಅನುಸರಿಸುವ ಕ್ರಮ ಇಲ್ಲಿದೆ. ವಿಧಾನ ಛತ್ತೀಸಗಢದ ಬಸ್ತರ್ ಸೀಮೆಯದು, ಕೊಂಡಗಾಂವ್ ಸುತ್ತಿನ ಘಡವಾ ಎರಕದವರದು. ಅಳತೆಗಳು ಮಾತ್ರ ನನ್ನ ಪುಟ್ಟ ಕುಲುಮೆಗೆ ಹೊಂದಿಸಿಕೊಂಡವು.

ಮೊದಲಿಗೆ ಹೆಸರಿನ ಗೊಂದಲ. ಅಂಗಡಿಯಲ್ಲಿ ಇವನ್ನು ಕಂಚು, ಬೆಲ್ ಮೆಟಲ್ ಎಂದೆಲ್ಲ ಕರೆದು ಮಾರುತ್ತಾರೆ. ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ. ಇವತ್ತಿನ ಡೋಕ್ರಾ ಬಹುಪಾಲು ಹಳೆಯ ಪಾತ್ರೆ ಪಡಗ ಕರಗಿಸಿದ ಹಿತ್ತಾಳೆಯೇ. ಅದರಿಂದ ಕೆಲಸದ ಬೆಲೆಯೇನೂ ಇಳಿಯುವುದಿಲ್ಲ, ಆದರೆ ಕಂಚಿನ ದರ ಕೊಡಬೇಕಾಗಿಲ್ಲ. ಎರೆಯುವವನಿಗಂತೂ ಈ ವ್ಯತ್ಯಾಸ ದೊಡ್ಡದು: ಸತು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಹಿತ್ತಾಳೆ ಕರಗುವುದೂ ಹೆಚ್ಚುಕಡಿಮೆ ಅದೇ ಶಾಖದಲ್ಲಿ. ಕರಗಿತು ಎನ್ನುವಷ್ಟರಲ್ಲಿ ಸತು ಹೊಗೆಯಾಗಲು ಶುರು.

ಡೋಕ್ರಾ ಪ್ರಾಣಿ ಹೊರಗೆ ಲೋಹ, ಒಳಗೆ ಮಣ್ಣು. 1974ರಲ್ಲಿ ಮಹಾರಾಷ್ಟ್ರದ ದೈಮಾಬಾದಿನಲ್ಲಿ ಸಿಕ್ಕ ಆನೆ, ಖಡ್ಗಮೃಗ, ಕೋಣ, ಎತ್ತಿನ ರಥ ಇವೆಲ್ಲ ಗಟ್ಟಿ ಎರಕ. ನಾಲ್ಕೂ ಸೇರಿ ಸುಮಾರು 60 ಕಿಲೋ ತೂಗುತ್ತವೆ. ಅಷ್ಟು ಲೋಹ ಸುರಿಯಲು ಅನುಕೂಲ ಇಲ್ಲದವರಿಗೆ ಒಳಮಣ್ಣೇ ಗತಿ. ದಪ್ಪ ಲೋಹ ತಣಿಯುವಾಗ ಕುಗ್ಗಿ ಒಳಗೆ ಗುಳಿ ಬೀಳುತ್ತದೆ. ಒಳಮಣ್ಣಿದ್ದರೆ ಲೋಹ ಎಲ್ಲ ಕಡೆ ತೆಳುವಾಗಿ ಸಮನಾಗಿರುತ್ತದೆ, ಆ ತೊಂದರೆಯೂ ಕಡಿಮೆ.

ಒಳಮಣ್ಣಿಗೆ ಮೂರು ಪಾಲು ಜರಡಿ ಹಿಡಿದ ಜೇಡಿಮಣ್ಣು, ಎರಡು ಪಾಲು ಭತ್ತದ ಹೊಟ್ಟು, ಒಂದು ಪಾಲು ಸಗಣಿ ಬೆರೆಸಿ ಎರಡು ದಿನ ಕೊಳೆಹಾಕುತ್ತೇನೆ. ಹೊಟ್ಟು ಬೆಂಕಿಯಲ್ಲಿ ಉರಿದುಹೋಗಿ ಮಣ್ಣಿನಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ, ಅಚ್ಚು ಉಸಿರಾಡುವುದು ಅವುಗಳ ಮೂಲಕ. ಒಂಬತ್ತು ಸೆಂಟಿಮೀಟರ್ ಉದ್ದದ, ಮಾವಿನಕಾಯಿಯಂಥ ಮೈ ಮಾಡಿ ನೆರಳಿನಲ್ಲಿ ಒಣಗಿಸಬೇಕು. ಒಣಗಿದ ಮೇಲೆ ಬರುವ ಬಿರುಕನ್ನು ಅದೇ ಮಣ್ಣಿನ ತಿಳಿಯಿಂದ ಮುಚ್ಚಿ ತಿಕ್ಕಬೇಕು. ಬಸ್ತರ್‌ನಲ್ಲಿ ಇದರ ಮೇಲೆ ಅವರೆಯ ಜಾತಿಯ ಹಸಿ ಎಲೆ ಉಜ್ಜುತ್ತಾರೆ. ಶಾಸ್ತ್ರವೇನಲ್ಲ, ಎಲೆಯ ರಸ ಧೂಳನ್ನು ಕೂರಿಸಿ ಮೇಣ ಹಿಡಿಯುವಂತೆ ಮಾಡುತ್ತದೆ. ನಾನು ಚಪ್ಪರದವರೆ ಎಲೆ ಬಳಸುತ್ತೇನೆ.

ಮೇಣಕ್ಕೆ 100 ಗ್ರಾಂ ಜೇನುಮೇಣ, 35 ಗ್ರಾಂ ರಾಳ, ಒಂದು ಚಮಚ ಸಾಸಿವೆ ಎಣ್ಣೆ. ಚಳಿಗಾಲವಾದರೆ ಎಣ್ಣೆ ಒಂದೂವರೆ ಚಮಚ. ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ನಾದಬೇಕು. ಪ್ಯಾರಫಿನ್ ಕಲಬೆರಕೆ ಇದ್ದರೆ ದಾರ ಬಾಗಿಸುವಾಗ ಚಟ್ಟನೆ ಮುರಿಯುತ್ತದೆ, ಅಲ್ಲೇ ಗೊತ್ತಾಗುತ್ತದೆ. ದಾರ ಒತ್ತಲು ಅಲ್ಲಿಯವರ ಹತ್ತಿರ ಮರದ ಪಿಚಕಿ ಇರುತ್ತದೆ. ನಮ್ಮ ಚಕ್ಕುಲಿ ಒರಳಿಗೆ ಒಂದು ಮಿಲಿಮೀಟರ್ ತೂತಿನ ಬಿಲ್ಲೆ ಹಾಕಿದರೆ ಅದೇ ಕೆಲಸ ಆಗುತ್ತದೆ (ಆ ಒರಳು ಮತ್ತೆ ಅಡುಗೆಮನೆಗೆ ಹೋಗುವಂತಿಲ್ಲ). ಮೊದಲು ಎರಡು ಮಿಲಿಮೀಟರ್ ದಪ್ಪದ ಮೇಣದ ಹಾಳೆಯನ್ನು ಮೈಗೆ ಸುತ್ತಿ, ಅದರ ಮೇಲೆ ದಾರವನ್ನು ಒಂದಕ್ಕೊಂದು ತಾಗಿಸಿ ಕೂರಿಸುತ್ತೇನೆ. ಕಾಲು, ಕೊಂಬು, ಕಿವಿ, ಬಾಲ ಬರೀ ಮೇಣ, ಒಳಗೆ ಮಣ್ಣಿಲ್ಲ. ಹಿಣಿಲಿನ (ಬೆನ್ನಿನ ಡುಬ್ಬದ) ಒಳಗೆ ಮಾತ್ರ ಮಣ್ಣಿನ ಗುಬ್ಬಿ ಇರಲೇಬೇಕು, ಇಲ್ಲವಾದರೆ ಅಲ್ಲಿ ಲೋಹ ಗಡ್ಡೆಯಾಗಿ ಕುಗ್ಗುತ್ತದೆ.

ಮೇಣ ಕರಗಿ ಹೋದಾಗ ಒಳಮಣ್ಣು ಅಂತರದಲ್ಲಿ ನಿಲ್ಲಬೇಕು. ಅದಕ್ಕಾಗಿ ಹೊಟ್ಟೆಯ ಕೆಳಗೆ ಎರಡು ಬೆರಳಗಲ ಜಾಗಕ್ಕೆ ಮೇಣ ಹಾಕದೆ, ಒಳಮಣ್ಣು ಹೊರಮಣ್ಣಿಗೆ ನೇರವಾಗಿ ಅಂಟುವಂತೆ ಮಾಡುತ್ತೇನೆ. ಜೊತೆಗೆ ಎರಡೂ ಪಕ್ಕೆಗೆ ಎರಡೆರಡು ತೆಳು ಕಬ್ಬಿಣದ ಮೊಳೆ, ಒಂದೂವರೆ ಸೆಂಟಿಮೀಟರ್ ಹೊರಗೆ ಚಾಚಿಕೊಂಡಿರಬೇಕು. ಮೊಳೆ ಮರೆತರೆ ಒಳಮಣ್ಣು ಒಂದು ಪಕ್ಕಕ್ಕೆ ವಾಲುತ್ತದೆ. ಒಂದು ಪಕ್ಕೆ ದಪ್ಪ, ಇನ್ನೊಂದು ಪಕ್ಕೆಯಲ್ಲಿ ತೂತು.

ಪ್ರಾಣಿಯ ಎರಕದಲ್ಲಿ ನಿಜವಾದ ಲೆಕ್ಕಾಚಾರ ಇರುವುದು ಲೋಹದ ಕಾಲುವೆಯಲ್ಲಿ. ಹೋರಿ ಅಚ್ಚಿನಲ್ಲಿ ಕಾಲು ಮೇಲಾಗಿ ಮಲಗಿರುತ್ತದೆ. ಬೆನ್ನು, ಕೊಂಬು, ಹಿಣಿಲು ಕೆಳಗಿರುವುದರಿಂದ ಅವು ಸಲೀಸಾಗಿ ತುಂಬುತ್ತವೆ, ಗಾಳಿ ಮೇಲಕ್ಕೆ ಹೋಗುತ್ತದೆ. ಸಿಕ್ಕಿಕೊಳ್ಳುವುದು ಮೇಲಕ್ಕೆ ಮುಖಮಾಡಿದ ತುದಿಗಳಲ್ಲಿ: ಗೊರಸು, ಇಳಿಬಿದ್ದ ಬಾಲ, ಗಂಗೆದೊಗಲಿನ ಅಂಚು. ಬರೀ ಕಾಲುಗಳ ಮೂಲಕ ಲೋಹ ಇಳಿಸಿದರೆ ಇನ್ನೊಂದು ಪೇಚು. ತೆಳು ಕಾಲು ಮೊದಲು ಗಟ್ಟಿಯಾಗುತ್ತದೆ, ಮೈ ಕುಗ್ಗುವಾಗ ಮೇಲಿಂದ ಲೋಹ ಸಿಗದೆ ಹೊಟ್ಟೆ ಒಳಸರಿಯುತ್ತದೆ. ಹಾಗಾಗಿ ಎಂಟು ಮಿಲಿಮೀಟರ್ ದಪ್ಪದ ಮೇಣದ ಕಡ್ಡಿಯ ಮುಖ್ಯ ಕಾಲುವೆ ಹೊಟ್ಟೆಗೆ, ನಾಲ್ಕು ಗೊರಸಿಗೂ ಮೂರು ಮಿಲಿಮೀಟರ್‌ನ ಕವಲು, ಬಾಲದ ತುದಿಯಿಂದ ಹಿಂಗಾಲಿಗೆ ಒಂದು ಮೇಣದ ಸೇತುವೆ. ಡೋಕ್ರಾ ಆನೆಯ ಸೊಂಡಿಲು ಸುರುಳಿ ಸುತ್ತಿ ಕಾಲಿಗೋ ಎದೆಗೋ ತಾಗಿ ನಿಂತಿರುವುದನ್ನು ನೋಡಿರುತ್ತೀರಿ. ಅದು ಬರೀ ಅಂದಕ್ಕಲ್ಲ ಎಂದು ಎರೆದವರಿಗೆ ತಿಳಿಯುತ್ತದೆ.

ಇನ್ನು ತೂಕ. ಕಾಲುವೆಗಳ ಸಮೇತ ಮೇಣದ ಹೋರಿಯನ್ನು ಮಣ್ಣು ಮೆತ್ತುವ ಮೊದಲೇ ತೂಗಿ, ಒಳಮಣ್ಣಿನ ತೂಕ ಕಳೆಯಬೇಕು. (ಒಳಮಣ್ಣನ್ನು ಮೊದಲೇ ತೂಗಿ ಬರೆದಿಡದವರು ಇಲ್ಲಿ ಪರದಾಡುತ್ತಾರೆ.) ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಈ ಲೆಕ್ಕ ಇದೆ: ತಾಮ್ರ, ಹಿತ್ತಾಳೆಗಾದರೆ ಮೇಣದ ಎಂಟರಷ್ಟು ಇಲ್ಲವೇ ಹತ್ತರಷ್ಟು, ಬೆಳ್ಳಿಗೆ ಹನ್ನೆರಡರಷ್ಟು, ಚಿನ್ನಕ್ಕೆ ಹದಿನಾರರಷ್ಟು. ಮೇಣ ನೀರಿಗಿಂತ ತುಸು ಹಗುರ, ಹಿತ್ತಾಳೆ ನೀರಿಗಿಂತ ಎಂಟೂವರೆ ಪಟ್ಟು ಭಾರ. ಎಂಟು ತೀರಾ ಬಿಗಿ, ಹತ್ತು ಸಲೀಸು. ನನ್ನ ಹೋರಿಗೆ ಮೇಣ 75 ಗ್ರಾಂ, ಹತ್ತರ ಲೆಕ್ಕಕ್ಕೆ 750. ಬಟ್ಟಲಿನಲ್ಲಿ ಉಳಿಯುವುದನ್ನೂ ಕಿಟ್ಟವಾಗಿ ಹೋಗುವುದನ್ನೂ ಸೇರಿಸಿ 900 ಗ್ರಾಂ ಹಾಕುತ್ತೇನೆ. ಹಳೆ ಚೊಂಬು, ತಟ್ಟೆ ಒಳ್ಳೆಯದು. ನಲ್ಲಿ, ವಾಲ್ವ್ ಬೇಡ, ಅವುಗಳಲ್ಲಿ ಸೀಸ ಇರುತ್ತದೆ.

ಹೊರಮಣ್ಣಿನ ಮೊದಲ ಪದರವೇ ಹೋರಿಯ ಚರ್ಮ. ವಸ್ತ್ರಗಾಳಿತ ಮಾಡಿದ ಹುತ್ತದ ಮಣ್ಣು ಒಂದು ಪಾಲು, ಸೋಸಿದ ಸಗಣಿ ನೀರು ಒಂದು ಪಾಲು, ನುಣ್ಣನೆ ಇದ್ದಿಲ ಪುಡಿ ಅರ್ಧ ಪಾಲು. ದೋಸೆ ಹಿಟ್ಟಿಗಿಂತ ತೆಳ್ಳಗೆ. ಕುಂಚದಿಂದ ಮೂರು ಸಲ ಬಳಿಯಬೇಕು, ಪ್ರತಿ ಸಲವೂ ನೆರಳಿನಲ್ಲಿ ಆರಬೇಕು. ದಾರಗಳ ಸಂದಿಯಲ್ಲಿ ಗಾಳಿಗುಳ್ಳೆ ಉಳಿದರೆ ಲೋಹ ಅಲ್ಲಿ ಸಾಸಿವೆ ಕಾಳಿನಂಥ ಗಂಟಾಗಿ ಮೂಡುತ್ತದೆ. ಎರಡನೇ ಪದರ ಅರ್ಧ ಸೆಂಟಿಮೀಟರ್, ಅದಕ್ಕೆ ಸಣ್ಣಗೆ ಕತ್ತರಿಸಿದ ಹತ್ತಿ. ಮೂರನೆಯದು ಎರಡು ಸೆಂಟಿಮೀಟರ್, ಹೊಟ್ಟು ಬೆರೆತದ್ದು. ಸುಟ್ಟ ಹೊಟ್ಟು, ಹತ್ತಿ, ಸ್ವಲ್ಪ ಉಪ್ಪು ಸೇರಿಸಿ ಅರೆದ ಮಣ್ಣನ್ನು ಮೂರು ಸಲ ಮೆತ್ತಬೇಕೆಂದು ಸೋಮೇಶ್ವರನೂ ಹೇಳುತ್ತಾನೆ. ಉಪ್ಪು ನಾನು ಹಾಕುವುದಿಲ್ಲ. ಅವಸರಪಟ್ಟು ಬಿಸಿಲಿಗಿಟ್ಟರೆ ಒಳಗಿನ ಮೇಣ ಹಿಗ್ಗಿ ಮೊದಲ ಪದರ ಸೀಳುತ್ತದೆ. ಆ ಸೀಳಿಗೆ ಲೋಹ ನುಗ್ಗಿ ಹೋರಿಯ ಬೆನ್ನಿಗೆ ಮೀನಿನ ಈಜುರೆಕ್ಕೆಯಂಥ ಹಾಳೆ ಬರುತ್ತದೆ. ಒಟ್ಟು ಒಂದು ವಾರ, ಮಳೆಗಾಲದಲ್ಲಿ ಎರಡು.

ಒಣಗಿದ ಅಚ್ಚನ್ನು ಬಾಯಿ ಕೆಳಗಾಗಿ ಸಣ್ಣ ಉರಿಯ ಮೇಲಿಟ್ಟರೆ ಅರ್ಧ ಗಂಟೆಯಲ್ಲಿ ಮೇಣ ಇಳಿಯುತ್ತದೆ. ಇಳಿದ ಮೇಣವನ್ನೂ ತೂಗುತ್ತೇನೆ. 75ರಲ್ಲಿ 60 ಗ್ರಾಂ ಬಂದರೆ ಸರಿ, ಉಳಿದದ್ದು ಮಣ್ಣಿಗೆ ಇಂಗಿರುತ್ತದೆ. 50ಕ್ಕಿಂತ ಕಡಿಮೆಯಾದರೆ ಎಲ್ಲೋ ಸಿಕ್ಕಿಕೊಂಡಿದೆ, ಇನ್ನಷ್ಟು ಕಾಯಿಸಬೇಕು.

ಲೋಹವನ್ನು ಬೇರೆ ಮೂಸೆಯಲ್ಲಿ ಕರಗಿಸಿ ಸುರಿಯುವವರಿದ್ದಾರೆ. ದೊಡ್ಡ ಕೆಲಸಕ್ಕೆ ಅದೇ ಸರಿ. ಒಂದು ಕಿಲೋ ಒಳಗಿನ ಪ್ರಾಣಿಗೆ ನನ್ನ ಆಯ್ಕೆ ಹಳೆಯ ಮುಚ್ಚುಬಟ್ಟಲಿನ ಕ್ರಮ: ಅಚ್ಚಿನ ಬಾಯಿಗೇ ತೆಂಗಿನ ಚಿಪ್ಪಿನ ಗಾತ್ರದ ಮಣ್ಣಿನ ಬಟ್ಟಲು ಕೂಡಿಸಿ, ಹಿತ್ತಾಳೆ ಚೂರು ತುಂಬಿ, ಚಿಟಿಕೆ ಬಿಳಿಗಾರ ಉದುರಿಸಿ, ಹೊಟ್ಟಿನ ಮಣ್ಣಿನಿಂದ ಪೂರ್ತಿ ಮುಚ್ಚುವುದು. ಮೈಯಲ್ಲಿ ಹೋರಿಯ ಅಚ್ಚು, ತಲೆಯಲ್ಲಿ ಲೋಹ, ಎರಡೂ ಸೇರಿ ಒಂದು ಸೋರೆಬುರುಡೆ. ಲೋಹದ ತುದಿ ಕೆಳಗೆ ಬರುವಂತೆ ಕುಲುಮೆಯಲ್ಲಿ ನಿಲ್ಲಿಸಬೇಕು. ಇದರ ಜಾಣತನ ಏನೆಂದರೆ, ಲೋಹ ಕರಗುವ ಹೊತ್ತಿಗೆ ಅಚ್ಚೂ ಕೆಂಪಗೆ ಕಾದಿರುತ್ತದೆ. ತಣ್ಣನೆ ಅಚ್ಚಿಗೆ ಸುರಿದರೆ ಒಂದು ಮಿಲಿಮೀಟರ್ ದಾರದೊಳಗೆ ಹರಿಯುವ ಮೊದಲೇ ಲೋಹ ಹೆಪ್ಪುಗಟ್ಟುತ್ತದೆ. ಡೋಕ್ರಾದ ನೂಲಿನಂಥ ಮೈಗೆ ಕಾರಣ ಈ ಕಾದ ಅಚ್ಚು. ಬಟ್ಟಲು ಮುಚ್ಚಿರುವುದರಿಂದ ಸತುವೂ ಅಷ್ಟಾಗಿ ಹಾರಿಹೋಗುವುದಿಲ್ಲ.

ಒಂದೂವರೆ ಅಡಿ ಅಗಲದ ಗುಂಡಿ, ಐದು ಕಿಲೋ ಇದ್ದಿಲು, ಮೇಲೆ ಬೆರಣಿ, ಕೈಯಿಂದ ತಿರುಗಿಸುವ ಊದುಯಂತ್ರ. ಮೊದಲ ಅರ್ಧ ಗಂಟೆ ಗಾಳಿ ಕೊಡಬಾರದು. ಮಣ್ಣಿನಲ್ಲಿ ಉಳಿದ ತೇವ ನಿಧಾನವಾಗಿ ಹೋಗಲಿ. ಹಸಿ ಅಚ್ಚು ಸಿಡಿಯುತ್ತದೆ, ಕೆಂಡ ಮುಖಕ್ಕೆ ಹಾರುತ್ತದೆ. ಆಮೇಲೆ ಒಂದು ಗಂಟೆ ಜೋರು ಗಾಳಿ. ಬಟ್ಟಲಿನ ಸುತ್ತ ಉರಿಯಲ್ಲಿ ಹಸಿರು ಛಾಯೆ ಕಂಡರೆ ಸತು ಹೊರಬರುತ್ತಿದೆ, ಅಂದರೆ ಲೋಹ ಕರಗಿದೆ. ಆಗ ಉದ್ದನೆ ಇಕ್ಕಳದಿಂದ ಅಲುಗಿಸಿದರೆ ಒಳಗೆ ತುಳುಕುವುದು ಕೈಗೆ ತಿಳಿಯುತ್ತದೆ. ಇನ್ನೂ ಐದು ನಿಮಿಷ ಬಿಟ್ಟು, ಎತ್ತಿ, ಒಂದೇ ಸಲಕ್ಕೆ ಮಗುಚಿ ಒಣ ಮರಳಿನಲ್ಲಿ ನಿಲ್ಲಿಸಬೇಕು. ಅರ್ಧಕ್ಕೆ ಕೈ ತಡೆದರೆ ಲೋಹ ಎರಡು ಕಂತಿನಲ್ಲಿ ಇಳಿದು, ಎರಡೂ ಸೇರಿದ ಕಡೆ ಬೆಸುಗೆಯಾಗದ ಗೆರೆ ಉಳಿಯುತ್ತದೆ. ಬಿಳಿ ಹೊಗೆ ಕಂಡರೆ ಗಾಳಿ ಬರುವ ಕಡೆಗೆ ಸರಿದು ನಿಲ್ಲಿ. ಅದನ್ನು ಕುಡಿದವರಿಗೆ ಸಂಜೆಗೆ ಚಳಿಜ್ವರ ಗ್ಯಾರಂಟಿ. ದಪ್ಪ ಹತ್ತಿ ಬಟ್ಟೆ, ಚರ್ಮದ ಕೈಗವಸು, ಮುಖಕ್ಕೆ ಗಾಜಿನ ಮರೆ. ಚಪ್ಪಲಿ ಅಲ್ಲ, ಶೂ.

ಒಂದು ಗಂಟೆ ಬಿಟ್ಟು ಒಡೆಯಬಹುದು. ಕಾಲುವೆಗಳನ್ನು ಗರಗಸದಿಂದ ಕುಯ್ದು, ಅರದಿಂದ ಉಜ್ಜಿ, ಹಿತ್ತಾಳೆ ತಂತಿಯ ಬ್ರಷ್ಷಿನಿಂದ ತಿಕ್ಕಿದರೆ ಮುಗಿಯಿತು. ಪಾಲಿಶ್ ಚಕ್ರಕ್ಕೆ ಹಿಡಿಯಬೇಡಿ, ದಾರದ ನೆತ್ತಿ ಸವೆದು ಮೈ ಬೋಳಾಗುತ್ತದೆ.

ಇಷ್ಟು ತಿಳಿದರೆ ಅಂಗಡಿಯಲ್ಲಿ ಅರ್ಧ ಕೆಲಸ ಆದಂತೆ. ಒಡೆಯದೆ ಹೋರಿ ಹೊರಬರುವುದಿಲ್ಲ, ಆದ್ದರಿಂದ ಒಂದು ಅಚ್ಚಿಗೆ ಒಂದೇ ಹೋರಿ. ಸಾಲಾಗಿ ಇಟ್ಟ ಎರಡು ಹೋರಿಗಳಲ್ಲಿ ಒಂದೇ ದಾರ ಒಂದೇ ಕಡೆ ತುಂಡಾಗಿದ್ದರೆ ಅದು ರಬ್ಬರ್ ಅಚ್ಚಿನ ನಕಲು. ಬೆನ್ನಿನಿಂದ ಹೊಟ್ಟೆಗೆ ನೇರ ಗೆರೆ ಇದ್ದರೆ ಎರಡು ಭಾಗದ ಮರಳಿನ ಅಚ್ಚು. ದಾರದ ಪಕ್ಕಕ್ಕೆ ಉಗುರು ಕೊಟ್ಟು ನೋಡಿ: ಸುತ್ತಿದ ದಾರವಾದರೆ ಅಂಚಿನ ಕೆಳಗೆ ಉಗುರು ಸಿಕ್ಕುತ್ತದೆ, ನಕಲಿನಲ್ಲಿ ದಾರ ಮೈಯೊಳಗೆ ಕರಗಿದಂತಿರುತ್ತದೆ. ಹೊಟ್ಟೆಯ ಗಂಡಿಯಲ್ಲಿ ಸುಟ್ಟ ಮಣ್ಣು ಕಾಣಬೇಕು. ಅಯಸ್ಕಾಂತ ಪಕ್ಕೆಯಲ್ಲಿ ಒಂದೆರಡು ಚುಕ್ಕೆಗೆ ಮಾತ್ರ ಅಂಟಿದರೆ ಹೆದರಬೇಡಿ, ಅವು ಮೊಳೆಗಳು. ಕಾಲಿನಲ್ಲಿ ಮೆಟ್ಟಿಲಿನಂಥ ಗುರುತಿದ್ದರೆ ತುಂಬದ ಕಾಲನ್ನು ಮತ್ತೆ ಎರೆದು ಕೂಡಿಸಿದ್ದಾರೆ. ನಾನು ಅಂಥದ್ದನ್ನು ಬಿಡುವುದಿಲ್ಲ, ಒಳ್ಳೆಯ ಕೈಯ ಕೆಲಸವಾದರೆ ಅದೂ ಒಂದು ವಿದ್ಯೆ. ತೂತಿಗೆ ಎಂಸೀಲ್ ಮೆತ್ತಿ ಕಪ್ಪು ಬಳಿದದ್ದನ್ನು ಮಾತ್ರ ಮುಟ್ಟುವುದಿಲ್ಲ.

ಹಳೆಯದು ಎಂದು ಹೇಳಿ ಮಾರುವವರಿಂದ ದೂರ ಇರುವುದು ಮೇಲು. ನೂರು ವರ್ಷ ದಾಟಿದ ಲೋಹಶಿಲ್ಪ 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ: ನೋಂದಣಿ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ತುಳುನಾಡಿನ ಪಂಜುರ್ಲಿಯ ಹಂದಿಮುಖದಂಥವು ದೈವಸ್ಥಾನದ ಸೊತ್ತು. ಸಂಗ್ರಹಕ್ಕೆಂದು ಅವು ಮಾರಾಟಕ್ಕೆ ಬಂದಿವೆ ಎಂದರೆ ಎಲ್ಲಿಂದ ಬಂದವೆಂದು ಕೇಳಲೇಬೇಕು.

ತಂದ ಮೇಲೆ ಡೋಕ್ರಾವನ್ನು ನೀರಿನಲ್ಲಿ ಮುಳುಗಿಸಬಾರದು. ಒಳಮಣ್ಣು ನೀರು ಕುಡಿದು ವಾರಗಟ್ಟಲೆ ಕಂದು ಕಣ್ಣೀರು ಸುರಿಸುತ್ತದೆ. ಹುಣಸೆಹಣ್ಣು ದೇವರ ದೀಪಕ್ಕೆ ಸರಿ, ಇದಕ್ಕಲ್ಲ. ಒಣ ಬ್ರಷ್ಷು, ವರ್ಷಕ್ಕೊಮ್ಮೆ ಜೇನುಮೇಣದ ತೆಳು ಲೇಪ ಸಾಕು. ಕಡು ಹಸಿರು ಕಿಲುಬು ಗಟ್ಟಿಯಾಗಿ ಅಂಟಿದ್ದರೆ ಚಿಂತೆಯಿಲ್ಲ. ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ ಕಂಡರೆ ಉಪ್ಪು ಒಳಗೆ ಕೆಲಸ ಮಾಡುತ್ತಿದೆ, ಆ ಪ್ರಾಣಿಯನ್ನು ಉಳಿದವುಗಳಿಂದ ಬೇರೆಯಿಡಿ. ಕರಾವಳಿಯವರು ಮಳೆಗಾಲದಲ್ಲಿ ಗಾಜಿನ ಬೀರುವಿನೊಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಒಂದು ಬಟ್ಟಲು ಇಡಿ. ಬಣ್ಣ ತಿರುಗಿದಾಗ ಅದನ್ನು ಸಣ್ಣ ಉರಿಯಲ್ಲಿ ಕಾಯಿಸಿ ಮತ್ತೆ ಇಟ್ಟರಾಯಿತು.