ಕಲಬುರಗಿ ಬಿಸಿಲಿಗೆ ಒಂದು ಕಂಪ್ಯೂಟರ್ ಕಟ್ಟಿದ್ದು

2023ರ ಏಪ್ರಿಲ್‌ನಲ್ಲಿ ನನ್ನ ಹಳೇ ಕಂಪ್ಯೂಟರ್ ಕೈಕೊಟ್ಟಿತು. ಲಗ್ನದ ಸೀಸನ್ ಬೇರೆ. ಮನೆಯಲ್ಲೇ ಲಗ್ನಪತ್ರಿಕೆ, ಬ್ಯಾನರ್ ಡಿಸೈನ್ ಮಾಡುವ ಕೆಲಸ ನನ್ನದು. ಅವತ್ತು ಮಧ್ಯಾಹ್ನ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮೂರನೇ ಸಲ ಬಂದಾಗ ಟಪ್ ಅಂತ ಸದ್ದು, ಹಿಂದೆಯೇ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ, ಮನೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹೊಂದುವಂತೆ ಇಳಿಸಿ ಕೊಡುವ ಎಸ್‌ಎಂಪಿಎಸ್ ಹೋಗಿತ್ತು. ಹೋಗುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು.

ಆ ಎಸ್‌ಎಂಪಿಎಸ್‌ಗೆ ನಾನು ಕೊಟ್ಟಿದ್ದು 600 ರೂಪಾಯಿ. ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಸುಟ್ಟ ಮೇಲೆ ಲೇಬಲ್ಲನ್ನು ಸರಿಯಾಗಿ ಓದಿದೆ. 12 ವೋಲ್ಟ್ ಸಾಲಿನಲ್ಲಿ 16 ಆಂಪಿಯರ್ ಅಂತಿತ್ತು. ಗುಣಿಸಿದರೆ 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಉಣ್ಣುವುದು ಆ 12 ವೋಲ್ಟ್ ಸಾಲಿನಿಂದಲೇ. ಹಾಗಾದರೆ ಆ 450 ಯಾರಿಗೆ?

ಕಂಪ್ಯೂಟರ್ ಕಟ್ಟುವ ಮಂದಿ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ಎಸ್‌ಎಂಪಿಎಸ್, ಕ್ಯಾಬಿನೆಟ್ ಕೊನೆಗೆ, ಉಳಿದ ಚಿಲ್ಲರೆಯಲ್ಲಿ. ನಾನು ಈ ಸಲ ಉಲ್ಟಾ ಹೋದೆ. ನಮ್ಮೂರಲ್ಲಿ ಕಂಪ್ಯೂಟರನ್ನು ಕೊಲ್ಲುವುದು ಕರೆಂಟು, ಬಿಸಿಲು, ಧೂಳು. ದುಡ್ಡು ಮೊದಲು ಅಲ್ಲಿಗೆ ಹೋಗಬೇಕಲ್ವಾ?

550 ವ್ಯಾಟಿನ, ಕರೆಂಟು ಪೋಲಾಗುವುದು ಕಮ್ಮಿ ಅಂತ ಹೇಳುವ 80 ಪ್ಲಸ್ ಬ್ರಾಂಜ್ ಗುರುತಿನ ಎಸ್‌ಎಂಪಿಎಸ್ ತಗೊಂಡೆ. ಅದರ 12 ವೋಲ್ಟ್ ಸಾಲಿನಲ್ಲಿ 500 ವ್ಯಾಟಿಗಿಂತ ಜಾಸ್ತಿ ಇತ್ತು. ಇನ್ನೊಂದು ನೋಡಿದ್ದು, ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಇದೆಯಾ ಅಂತ. ಸಂಜೆ ಹೊತ್ತು ವೋಲ್ಟೇಜ್ ಬಿದ್ದು ಟ್ಯೂಬ್‌ಲೈಟ್ ಮಿಣಮಿಣ ಅನ್ನುವ ಊರಿಗೆ ಇದು ಬೇಕು. ಬೆಲೆ ಸುಮಾರು ನಾಲ್ಕು ಸಾವಿರ. ಮನೆಯವರು ಬೈದರು.

ಹಳೇ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು, ಬರಿಗಾಲಿನಲ್ಲಿ ಶಹಾಬಾದ್ ಕಲ್ಲಿನ ಮೇಲೆ ನಿಂತರೆ ಇನ್ನೂ ಜೋರು. ಅದೇನು ದೊಡ್ಡ ವಿಷಯ ಅಂತ ವರ್ಷಗಟ್ಟಲೆ ಸುಮ್ನೆ ಬಿಟ್ಟಿದ್ದೆ. ಎಲೆಕ್ಟ್ರಿಶಿಯನ್ ಬಂದು ಪ್ಲಗ್ ಬಿಚ್ಚಿದರೆ, ಮೂರು ತೂತಿನ ಸಾಕೆಟ್ಟಿಗೆ ಎರಡೇ ವೈರು. ಅರ್ಥಿಂಗ್ ಇರಲೇ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಸೋರುವ ಚೂರು ಕರೆಂಟು ನೆಲಕ್ಕೆ ಹೋಗಲು ದಾರಿ ಇಲ್ಲದೆ ತಗಡಿನಲ್ಲೇ ಕೂತಿರುತ್ತದಂತೆ, ಮುಟ್ಟಿದವರ ಮೂಲಕ ನೆಲ ಸೇರುತ್ತದಂತೆ. ಹಿತ್ತಲಲ್ಲಿ ಗುಂಡಿ ತೋಡಿಸಿ ಅರ್ಥಿಂಗ್ ಹಾಕಿಸಿದೆ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ಒಂದು ಬಕೆಟ್ ನೀರು ಹಾಕಬೇಕು. ಮಣ್ಣು ಒಣಗಿದರೆ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ.

ಕ್ಯಾಬಿನೆಟ್‌ಗೆ ಮುಂದೆ ಗಾಜು ಬೇಡ, ಜಾಲರಿ ಬೇಕು ಅಂತ ಹಟ ಹಿಡಿದೆ. ಅಂಗಡಿಯವರು ಬಣ್ಣದ ಲೈಟಿನ ಗಾಜಿನ ಪೆಟ್ಟಿಗೆ ತೋರಿಸುತ್ತಲೇ ಇದ್ದರು. ಹೊರಗೆ 43 ಡಿಗ್ರಿ ಇದ್ದಾಗ ನನ್ನ ರೂಮಿನಲ್ಲೇ 37, 38 ಇರುತ್ತದೆ. ಆ ಗಾಳಿಯೂ ಒಳಗೆ ಸಲೀಸಾಗಿ ಹೋಗದಿದ್ದರೆ ಮುಗೀತು. ಮುಂದೆ ಎರಡು ಫ್ಯಾನ್ ಗಾಳಿ ಎಳೆಯಲು, ಹಿಂದೆ ಒಂದು ಹೊರಗೆ ಬಿಡಲು. ಒಳಗೆ ಬರುವ ಗಾಳಿ ಸ್ವಲ್ಪ ಜಾಸ್ತಿ ಇದ್ದರೆ ಧೂಳು ಸಂದಿಗೊಂದಿಯಿಂದ ನುಗ್ಗದೆ ಫಿಲ್ಟರ್‌ನಲ್ಲೇ ನಿಲ್ಲುತ್ತದೆ.

ಪ್ರೊಸೆಸರ್, ಮದರ್‌ಬೋರ್ಡ್ ತರಲು ಸಿಕಂದರಾಬಾದಿನ ಸಿಟಿಸಿ ಅನ್ನುವ ಕಂಪ್ಯೂಟರ್ ಅಂಗಡಿಗಳ ಸಂಕೀರ್ಣಕ್ಕೆ ಹೋದೆ. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿ ಒಬ್ಬರು ಐ5 12400ಎಫ್ ಕಮ್ಮಿ ರೇಟಿಗೆ ಕೊಡುತ್ತೇನೆ ಅಂದರು. ಕೈಗೆ ತಗೊಂಡೂ ಬಿಟ್ಟಿದ್ದೆ. ಆಮೇಲೆ ನೆನಪಾಯಿತು, ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರ್ ಕಪ್ಪಗೇ ಇರುತ್ತದೆ. ವಾಪಸ್ ಇಟ್ಟು ರೈಜನ್ 5 5600ಜಿ ತಗೊಂಡೆ. ಆರು ಕೋರ್, 65 ವ್ಯಾಟ್, ಗ್ರಾಫಿಕ್ಸ್ ಒಳಗೇ ಇದೆ. ನನ್ನ ಪತ್ರಿಕೆ, ಬ್ಯಾನರ್ ಕೆಲಸಕ್ಕೆ ಧಾರಾಳ. ಬಿ550 ಬೋರ್ಡ್ ಜೊತೆಗೆ. ಎಸ್‌ಎಸ್‌ಡಿ (ಫೈಲ್ ಇಡುವ ಡ್ರೈವ್) ಮಾತ್ರ ಬೇಕಂತಲೇ ಪಿಸಿಐಇ ಜೆನ್ 3, ಅಂದರೆ ಮೂರನೇ ತಲೆಮಾರಿನ ವೇಗದ್ದು ತಗೊಂಡೆ. 5600ಜಿಗೆ ಜೆನ್ 4 ವೇಗ ಬರುವುದೇ ಇಲ್ಲ, ಸುಮ್ನೆ ದುಡ್ಡು ದಂಡ.

ರ‍್ಯಾಮ್ 16 ಜಿಬಿಯದು ಒಂದೇ ಕಡ್ಡಿ ತಗೋಬೇಡಿ, 8ರ ಎರಡು ತಗೊಳ್ಳಿ. ಈ ಪ್ರೊಸೆಸರಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಎರಡು ದಾರಿ ಇದ್ದರೆ ಅದಕ್ಕೆ ಸಲೀಸು. ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್) ಎಕ್ಸ್‌ಎಂಪಿ ಆನ್ ಮಾಡುವುದನ್ನೂ ಮರೆಯಬೇಡಿ, ರ‍್ಯಾಮ್ ತನ್ನ ಪೂರ್ತಿ ವೇಗಕ್ಕೆ ಓಡುವುದು ಆಗಲೇ. ನಾನು ಮರೆತು ಒಂದು ತಿಂಗಳು 3200ರ ರ‍್ಯಾಮನ್ನು 2666ರಲ್ಲಿ ಓಡಿಸಿದೆ.

ಜೋಡಿಸಿದ್ದು ಒಂದು ಭಾನುವಾರ, ಊಟದ ಮೇಜಿನ ಮೇಲೆ. ಮೂರು ತಾಸು ಹಿಡಿಯಿತು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತಿದೆ, ಪರದೆ ಬರುತ್ತಿಲ್ಲ. ಬೆವರು ಕಿತ್ತುಕೊಂಡು ಬಂತು. ನೋಡಿದರೆ ಬೋರ್ಡಿನ ಮೇಲ್ಮೂಲೆಯಲ್ಲಿ ಪ್ರೊಸೆಸರಿಗೆ ಕರೆಂಟು ಕೊಡುವ ಎಂಟು ಪಿನ್ನಿನ ವೈರು ಹಾಕೇ ಇರಲಿಲ್ಲ.

ಪರದೆ ಬಂತು, ಆದರೆ ಕೆಲಸ ಮಾಡುವಾಗ ಬಿಸಿ 90 ದಾಟುತ್ತಿತ್ತು. ಈ ಪ್ರೊಸೆಸರಿನ ಮಿತಿ 95 ಡಿಗ್ರಿ. ಅಮ್ಮ ದೇವರ ಕೋಣೆಯಲ್ಲಿ ಹಚ್ಚಿದ ಊದಿನಕಡ್ಡಿ ನೋಡಿ ಉಪಾಯ ಹೊಳೆಯಿತು. ಒಂದನ್ನು ತಂದು ಕ್ಯಾಬಿನೆಟ್ ಮುಂದೆ ಹಿಡಿದೆ. ಮೇಲಿನ ಫ್ಯಾನ್ ಹತ್ತಿರ ಹೊಗೆ ಒಳಗೆ ಹೋಗುವ ಬದಲು ನನ್ನ ಮುಖಕ್ಕೇ ಬಂತು. ಫ್ಯಾನ್ ಹಿಂದುಮುಂದಾಗಿ ಕೂರಿಸಿದ್ದೆ. ತಿರುಗಿಸಿ ಹಾಕಿದ ಮೇಲೆ ಮೇ ತಿಂಗಳಲ್ಲೂ 82ರ ಮೇಲೆ ಹೋಗಲಿಲ್ಲ.

ಒಟ್ಟು 37 ಸಾವಿರ ಆಯಿತು, ಮಾನಿಟರ್ ಹಳೆಯದೇ. 600 ವಿಎ ಯುಪಿಎಸ್ ಬೇರೆ ತಗೊಂಡೆ, ಕರೆಂಟು ಹೋದಾಗ ಫೈಲ್ ಸೇವ್ ಮಾಡಿ ಬಂದ್ ಮಾಡುವಷ್ಟಕ್ಕೆ. ಕಂಪ್ಯೂಟರ್ ಈಗ ನೆಲದ ಮೇಲಿಲ್ಲ, ಸ್ಟೂಲಿನ ಮೇಲಿದೆ. ನೀರು ಹಾಕುವ ರೂಮ್ ಕೂಲರಿನ ಗಾಳಿಗೆ ನೇರ ಸಿಗದ ಹಾಗೆ ಮೂಲೆಗೆ ಸರಿಸಿದ್ದೇನೆ, ಅದರ ತುಂತುರು ಬೋರ್ಡಿಗೆ ತಾಗಬಾರದು. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ಬಿಚ್ಚಿ ನಲ್ಲಿ ಕೆಳಗೆ ತೊಳೆಯುತ್ತೇನೆ. ತೊಗರಿ ಬಂದು ಹತ್ತಿರದ ದಾಲ್ ಮಿಲ್ ಜೋರಾಗಿ ಓಡುವಾಗ ವಾರಕ್ಕೊಮ್ಮೆ ತೊಳೆಯಬೇಕಾಗುತ್ತದೆ. ಆಗ ನೀರು ಹಳದಿಯಾಗಿ ಇಳಿಯುತ್ತದೆ.