ಕೂರಿಸಿದ ಗ್ರಾನೈಟ್ ಕಟ್ಟೆಗೆ 35 ಎಂಎಂ ತೂತು: ನನ್ನ ಅನುಭವ

ಸಿಂಕ್ ಕೂರಿಸಿಯಾದ ಮೇಲೆ ಗ್ರಾನೈಟ್ ಕಟ್ಟೆಯಲ್ಲಿ ಮಿಕ್ಸರ್ ನಲ್ಲಿಗೆ ತೂತು ಹಾಕಬಾರದು ಅಂತ ನಮ್ಮ ಕಡೆ ಮೇಸ್ತ್ರಿಗಳ ಪಟ್ಟು. ಸಿಂಕ್ ಹಿಂದೆ ಉಳಿಯೋದು ಮೂರಿಂಚು ಪಟ್ಟಿ, ಅದು ಸೀಳುತ್ತೆ ಅಂತಾರೆ. ಮೈಸೂರಿನ ಒಂದು ಮನೆಯಲ್ಲಿ ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು, "ಒಡೆದರೆ ಸ್ಲ್ಯಾಬ್ ದುಡ್ಡು ನಿಮ್ಮದೇ" ಅಂದಿದ್ದರು. ಮಾಮೂಲಿ ಡ್ರಿಲ್ ಮಷೀನಿನಲ್ಲೇ ಹಾಕಿದೆ. ಇವತ್ತಿನವರೆಗೆ ನನ್ನ ಕೈಯಲ್ಲಿ ಒಂದು ಸ್ಲ್ಯಾಬೂ ಸೀಳಿಲ್ಲ.

ದುಡ್ಡು ಹೋಗಿದ್ದು ಡ್ರಿಲ್ ತುದಿಗೆ ಹಾಕೋ ಬಿಟ್‌ಗಳಿಗೆ. ಕಾರ್ಬೈಡ್ ಹಲ್ಲಿನ ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಕಲ್ಲಿಗೂ ಆಗುತ್ತೆ ಅಂತ ಅಂಗಡಿಯವರು ಕೊಟ್ಟರು. ಇಟ್ಟಿಗೆ ಗೋಡೆಗೆ ಚೆನ್ನಾಗಿಯೇ ಇತ್ತು. ಗ್ರಾನೈಟ್ ಮೇಲೆ ಬರೀ ಕಿರುಚಿತು, ಹಲ್ಲು ಉದುರಿತು. ನಾನೂರೋ ಐನೂರೋ ಹೋಯಿತು. ಆಮೇಲೆ ಸೆಟ್‌ನಲ್ಲಿ ಬರುವ ಅಗ್ಗದ ಡೈಮಂಡ್ ಬಿಟ್. ಅದರಲ್ಲಿ ವಜ್ರದ ಪುಡಿ ಒಂದೇ ಪದರ. ಟೈಲ್ಸ್‌ಗೆ ಸಾಕು, 18 ಎಂಎಂ ಗ್ರಾನೈಟ್‌ನಲ್ಲಿ ಅರ್ಧ ದಾರಿಗೇ ಬೋಳು. ಕಡೆಗೆ ಸಾವಿರದ ಮೇಲೆ ಕೊಟ್ಟು ಸಿಂಟರ್ಡ್ ಬಿಟ್ ತಂದೆ. ಇದರಲ್ಲಿ ಅಂಚಿನ ಪೂರ್ತಿ ದಪ್ಪಕ್ಕೂ ವಜ್ರ ಬೆರೆತಿರುತ್ತೆ, ಸವೆದಂತೆ ಹೊಸದು ಹೊರಗೆ ಬರುತ್ತೆ. ಹತ್ತಿರ ಹತ್ತಿರ ಮೂವತ್ತು ತೂತು ಕೊಟ್ಟಿದೆ. ತೂತಿಗೆ ಐನೂರು ಕೂಲಿ, ಲೆಕ್ಕ ನೀವೇ ಹಾಕಿ.

ಡ್ರಿಲ್ಲಿನ ಹ್ಯಾಮರ್, ಅಂದರೆ ಕುಟ್ಟುವ ಮೋಡ್, ಆಫ್ ಇರಬೇಕು ಅಂತ ನಿಮಗೆ ಹೇಳಬೇಕಿಲ್ಲ. ವೇಗವನ್ನು ಮಾತ್ರ ಎಲ್ಲರೂ ಜಾಸ್ತಿ ಇಡುತ್ತಾರೆ. ನಾನು ಟ್ರಿಗರ್ ಅರ್ಧಕ್ಕಿಂತ ಕಡಿಮೆ ಒತ್ತುತ್ತೇನೆ, ನಿಮಿಷಕ್ಕೆ 700–800 ಸುತ್ತು ಇರಬಹುದು. ನಡುವೆ ಪೈಲಟ್ (ದಾರಿ ಹಿಡಿಯುವ ಸಣ್ಣ ಮೊನೆ) ಇಲ್ಲದ ಬಿಟ್ ಪಾಲಿಶ್ ಮೇಲೆ ಜಾರುತ್ತೆ ಅಲ್ವಾ, ಅದಕ್ಕೆ ಪ್ಲೈವುಡ್ ತುಂಡಿಗೆ ಅದೇ ಅಳತೆಯ ತೂತು ಹಾಕಿ, ಸಿಂಕ್ ಅಂಚಿಗೆ ಕ್ಲಾಂಪ್ ಮಾಡುತ್ತೇನೆ. ಮೂರು ನಾಲ್ಕು ಎಂಎಂ ಇಳಿದ ಮೇಲೆ ಪ್ಲೈ ತೆಗೆದು, ಸುತ್ತ ಜೇಡಿಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಿಸೋದು. ಬಿಟ್ಟನ್ನು ಆಗಾಗ ಎತ್ತಿ ಇಳಿಸಿ, ಒಳಗೆ ನೀರು ಹೋಗಬೇಕು, ರಾಡಿ ಹೊರಗೆ ಬರಬೇಕು. ಮಷೀನಿಗೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಲೈನೇ ಬೇಕು. 

ಕಲ್ಲು ನೋಡಿ ಕೈ ಬದಲಿಸಬೇಕು. ಚಾಮರಾಜನಗರದ ಕಪ್ಪು ಕಲ್ಲು ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಇಳಕಲ್ ಕೆಂಪು ಕಲ್ಲಿನಲ್ಲಿ ಕ್ವಾರ್ಟ್ಜ್ ಅನ್ನೋ ಗಟ್ಟಿ ಖನಿಜ ಇರುತ್ತೆ, ಬಿಟ್ಟಿನ ಅಂಚು ನುಣುಪಾಗಿ ಸುಮ್ನೆ ತಿರುಗುತ್ತೆ, ಕೊರೆಯಲ್ಲ. ಆಗ ಬಲ ಹಾಕಬೇಡಿ, ಮೂರಿಂಚು ಪಟ್ಟಿ ಸೀಳೋದು ಅಲ್ಲೇ. ಸಿಮೆಂಟ್ ಇಟ್ಟಿಗೆಯಲ್ಲಿ ಒಂದಿಷ್ಟು ಕೊರೆಯಿರಿ, ಮುಚ್ಚಿಹೋದ ವಜ್ರ ಮತ್ತೆ ತೆರೆದುಕೊಳ್ಳುತ್ತೆ. ಕೆಳಗೆ ಒಂದು ಹಲಗೆಗೆ ಆಸರೆ ಕೊಟ್ಟು ಕಲ್ಲಿಗೆ ಒತ್ತಿಸಿಡಿ, ಕೊನೆಯ ಎರಡು ಎಂಎಂಗೆ ಮಷೀನಿನ ಭಾರವನ್ನೂ ಕೈಯಲ್ಲೇ ಹಿಡಿಯಿರಿ, ಚಕ್ಕೆ ಏಳಲ್ಲ.

ಗ್ರೈಂಡರಿಗೂ ಇಂಥ ಬಿಟ್ ಹಾಕಿ ನೋಡಿದೆ. ಎರಡೇ ನಿಮಿಷದ ಕೆಲಸ, ಆದರೆ ಅಡುಗೆಮನೆ ತುಂಬ ಧೂಳು, ಪಾಲಿಶ್ ಅಂಚು ಸುಟ್ಟಂತಾಯಿತು. ಇದೇ ಬಿಟ್ಟನ್ನು ಮಂಗಳೂರು ಹೆಂಚಿಗೂ ಹಾಕಿದೆ, ಸೋಲಾರ್ ಪೈಪು ಹೊರಡಿಸೋಕೆ. ರಾತ್ರಿಯೆಲ್ಲ ನೀರಲ್ಲಿ ನೆನೆಸಿ ಒಳಮುಖದಿಂದ ಕೊರೆದರೆ ಬಿರುಕಿಲ್ಲ. ಆರಿಂಚಿನ ಚಿಮಣಿ ಪೈಪಿಗೆ ಮಾತ್ರ ಡ್ರಿಲ್ ಮಷೀನ್ ಸಾಲಲ್ಲ, ಸ್ಟ್ಯಾಂಡ್ ಇರುವ ಕೋರ್ ಮಷೀನನ್ನೇ ಬಾಡಿಗೆಗೆ ತರಿಸಿ.