ಅಗ್ಗದ ರೆಸಿನ್ ಪ್ರಿಂಟರ್‌ನಲ್ಲಿ ಮುಚ್ಚಿದ ಚಾನೆಲ್: ನನ್ನ ಅನುಭವ

ನಾನು ಮಾಡೋದು ಮೈಕ್ರೋಫ್ಲೂಯಿಡಿಕ್ ಚಿಪ್, ಅಂದರೆ ಒಳಗಿನ ಸಣ್ಣ ಕಾಲುವೆಗಳಲ್ಲಿ (ಚಾನೆಲ್) ದ್ರವ ಹರಿಸುವ ತುಂಡು. ದ್ರವ ರೆಸಿನನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿ ಮಾಡುವ ಎಲ್‌ಸಿಡಿ ರೆಸಿನ್ ಪ್ರಿಂಟರ್‌ನಲ್ಲಿ ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಮುಚ್ಚಿದ ಚಾನೆಲ್ ಬರೋದೇ ಇಲ್ಲ ಅಂತ ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಈಗ 150 ಮೈಕ್ರಾನ್ ಆಸುಪಾಸಿನ ಎತ್ತರ ನನಗೆ ಸಲೀಸು. ಟಿ-ಜಂಕ್ಷನ್‌ನಲ್ಲಿ ಎಣ್ಣೆಯೊಳಗೆ ನೀರಿನ ಹನಿಗಳು ಒಂದೇ ಅಳತೆಯಲ್ಲಿ ಸಾಲು ಹಿಡಿದು ಹೋಗುವುದನ್ನು ಅವರೇ ಮೈಕ್ರೋಸ್ಕೋಪಿನಲ್ಲಿ ನೋಡಿದ್ದಾರೆ.

ತೊಂದರೆಯೆಲ್ಲ ಛಾವಣಿಯದು, ಅಂದರೆ ಚಾನೆಲ್ಲನ್ನು ಮೇಲಿನಿಂದ ಮುಚ್ಚುವ ಪದರಗಳದು. ಆ ಪದರಗಳಿಗೆ ಬಿಟ್ಟ ಬೆಳಕು ಅಲ್ಲೇ ನಿಲ್ಲದೆ ಟೊಳ್ಳಿನಲ್ಲಿರುವ ರೆಸಿನ್‌ಗೂ ತಾಗುತ್ತದೆ. ಪದರದಿಂದ ಪದರಕ್ಕೆ ಬೆಳಕಿನ ಡೋಸ್ ಸೇರಿ ಸೇರಿ ಒಳಗಿನದು ಜೆಲ್ಲಿಯಾಗುತ್ತದೆ. ಮಾಮೂಲಿ ಕ್ಲಿಯರ್ ರೆಸಿನ್‌ನಲ್ಲಂತೂ ಜಾಸ್ತಿ. ಮೊದಲ ಕೆಲವು ಬಾಟಲಿ ಪೂರ್ತಿ ಇದಕ್ಕೇ ಹೋಯಿತು. ಸಿರಿಂಜ್ ಒತ್ತಿದರೆ ತೊಳೆಯುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಒಳಗೆ ಇಳಿಯುತ್ತಿರಲಿಲ್ಲ, ಜೋರಾಗಿ ಒತ್ತಿದರೆ ಟ್ಯೂಬೇ ಕಿತ್ತು ಬರುತ್ತಿತ್ತು.

ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದ ತಂಡ 2017ರಲ್ಲೇ 18×20 ಮೈಕ್ರಾನ್ ಚಾನೆಲ್ ಮಾಡಿ ತೋರಿಸಿತ್ತು. ಆದರೆ ಅವರದು ತಾವೇ ಕಟ್ಟಿದ, 385 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಪ್ರಿಂಟರ್, ನನ್ನದು 405. ಹೀಗಾಗಿ ಬೆಳಕು ಆಳಕ್ಕೆ ಇಳಿಯದಂತೆ ಹೀರಲು ಅವರು ರೆಸಿನ್‌ಗೆ ಹಾಕಿದ ವಸ್ತು ನನಗೆ ಆಗಿಬರಲಿಲ್ಲ. ರೆಸಿನ್‌ನ ಮೂಲ ದ್ರವವಾದ ಪೆಗ್‌ಡಿಎ 250ಕ್ಕೆ, ಬೆಳಕು ಬಿದ್ದಾಗ ಗಟ್ಟಿಯಾಗುವಿಕೆ ಶುರುಮಾಡುವ ಇರ್ಗಾಕ್ಯೂರ್ 819 ಸುಮಾರು ಶೇ. 1ರಷ್ಟು, ಜೊತೆಗೆ ಬೆಳಕು ಹೀರುವ ಬಣ್ಣ ಸುಡಾನ್ 1 ಚಿಟಿಕೆಯಷ್ಟು ಹಾಕಿದ ಮೇಲೆ ದಾರಿ ತೆರೆಯಿತು. ಚಿಪ್ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹನಿ ನೋಡಲು ಅಡ್ಡಿಯಿಲ್ಲ. ಛಾವಣಿ ಪದರಗಳಿಗೆ ಎಕ್ಸ್‌ಪೋಶರ್ ಇಳಿಸಬೇಕು. ಎಷ್ಟು ಪದರಕ್ಕೆ, ಯಾವ ಲೆಕ್ಕದಲ್ಲಿ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಪ್ಲೇಟಿನಿಂದ ತೆಗೆದ ಕೂಡಲೇ, ಪೂರ್ತಿ ಗಟ್ಟಿ ಮಾಡಲು ಯುವಿಗೆ ಇಡುವ ಮೊದಲು, ವ್ಯಾಕ್ಯೂಮ್ ಹಾಕಿ ಒಳಗಿನ ರೆಸಿನ್ ಎಳೆದುಬಿಡಿ. ಐಪಿಎಯಲ್ಲಿ ಸುಮ್ನೆ ನೆನೆಹಾಕಿ ಬಿಟ್ಟರೆ ಚಿಪ್ ಬಿರುಕು ಬಿಡುತ್ತದೆ.

ಖರ್ಚಿನ ವಿಷಯ. ಹಿಂದೆ ಎರಡು ಮೂರು ಡಿಸೈನ್‌ಗೆ ಮಾಸ್ಕ್ (ಚಾನೆಲ್ ಆಕಾರದಲ್ಲಿ ಬೆಳಕು ಬಿಡುವ ಹಾಳೆ) ಮಾಡಿಸಿ, ಕ್ಲೀನ್‌ರೂಮಿಗೆ ಗಂಟೆ ಲೆಕ್ಕದಲ್ಲಿ ಕಟ್ಟುತ್ತಿದ್ದ ದುಡ್ಡಿನಲ್ಲಿ ಈ ಪ್ರಿಂಟರೇ ಬಂತು. ಬೆಳಿಗ್ಗೆ ಡಿಸೈನ್ ಬದಲಿಸಿದರೆ ಸಂಜೆಗೆ ಹೊಸ ಚಿಪ್ ಕೈಯಲ್ಲಿ. ಕ್ಲೀನ್‌ರೂಮಿನಲ್ಲಿ ಮಾಡುವ ಎಸ್‌ಯು-8 (ಬೆಳಕಿಗೆ ಗಟ್ಟಿಯಾಗುವ ಪಾಲಿಮರ್) ಅಚ್ಚಿನಲ್ಲಿ ಇದು ಆಗುತ್ತಿತ್ತಾ?

ನಡುವೆ ಇದೇ ಪ್ರಿಂಟರ್‌ನಲ್ಲಿ ಪಿಡಿಎಂಎಸ್‌ಗೆ (ಚಿಪ್ ಎರಕ ಹೊಯ್ಯುವ ಸಿಲಿಕೋನ್ ರಬ್ಬರ್) ಅಚ್ಚು ಮಾಡಿ ನೋಡಿದೆ. ಅಚ್ಚಿಗೆ ತಾಗಿದ ಕಡೆ ಪಿಡಿಎಂಎಸ್ ಗಟ್ಟಿಯಾಗದೆ ಅಂಟಂಟು. ರೆಸಿನ್‌ನಿಂದ ಒಸರುವ ಉಳಿಕೆ ಪಿಡಿಎಂಎಸ್ ಗಟ್ಟಿ ಮಾಡುವ ಪ್ಲಾಟಿನಂ ಕ್ಯಾಟಲಿಸ್ಟನ್ನು ಕೆಡಿಸುತ್ತದೆ. ಅಚ್ಚನ್ನು ಚೆನ್ನಾಗಿ ತೊಳೆದು, ಹೆಚ್ಚು ಹೊತ್ತು ಯುವಿ ಕೊಟ್ಟು, 80 ಡಿಗ್ರಿಯಲ್ಲಿ ರಾತ್ರಿಯಿಡೀ ಬೇಯಿಸಿದ ಮೇಲೆ ಸರಿಹೋಯಿತು. ಎರಡೆರಡು ಕೆಲಸ ಯಾಕೆ ಅಂತ ನೇರ ಪ್ರಿಂಟಿಗೇ ವಾಪಸ್ ಬಂದೆ.

ಚಿಪ್‌ನೊಳಗೆ ಜೀವಕೋಶ ಹಾಕುವವರು ಮಾತ್ರ ಅವಸರ ಮಾಡಬೇಡಿ. ಗಟ್ಟಿಯಾಗದೆ ಉಳಿದ ರೆಸಿನ್‌ನ ಮಾನೋಮರ್ ಅವನ್ನು ಕೊಲ್ಲುತ್ತದೆ. ನಾನೀಗ ಎಥನಾಲ್‌ನಲ್ಲಿ ತೊಳೆಯುವ ಕ್ರಮವನ್ನು ಒರೆಗೆ ಹಚ್ಚುತ್ತಿದ್ದೇನೆ.